ಗೌಜುಗದ ಗರಿ, ಟ್ರೌಟ್ ಮೀನಿನ ತುತ್ತು

ಇಂಗ್ಲೆಂಡಿನ ಉತ್ತರಭಾಗದ ಯಾರ್ಕ್‌ಷೈರ್ ಪ್ರಾಂತದಲ್ಲಿ ವಾರ್ಫ್, ಯೂರ್, ನಿಡ್ ಮೊದಲಾದ ಹೊಳೆಗಳು ಕಲ್ಲುಬಂಡೆಗಳ ನಡುವೆ ರಭಸದಿಂದ ಹರಿಯುತ್ತವೆ. ಅಲ್ಲಿ ಹಳೆಯ ರೀತಿಯಲ್ಲಿ ಟ್ರೌಟ್ ಮೀನು ಹಿಡಿಯುವವನ ಪೆಟ್ಟಿಗೆಯನ್ನು ತೆರೆದು ನೋಡಿದರೆ ನಮಗೆ ನಿರಾಶೆಯೇ ಆದೀತು. ಸಣ್ಣದೊಂದು ಗಾಳ, ಅದರ ಮೈಗೆ ಸುತ್ತಿದ ಒಂದಿಷ್ಟು ರೇಷ್ಮೆ, ತಲೆಯ ಬಳಿ ಹಕ್ಕಿಯ ಗರಿಯ ಕೆಲವು ಎಳೆಗಳು. ಇದನ್ನು ಅವರು ನೊಣವೆಂದು ಕರೆಯುತ್ತಾರೆ. ನಮ್ಮ ಕಣ್ಣಿಗೆ ಯಾವ ನೊಣವನ್ನೂ ಹೋಲದ ಈ ವಸ್ತುವನ್ನು ಮೀನು ನಂಬುವುದಾದರೂ ಹೇಗೆ?

ಉತ್ತರವು ನೀರಿನೊಳಗಿದೆ. ಟ್ರೌಟ್ ಮೀನಿನ ಆಹಾರದಲ್ಲಿ ಹೆಚ್ಚಿನ ಪಾಲು ನೀರಿನ ಮೇಲೆ ಕುಳಿತ ಕೀಟಗಳದ್ದಲ್ಲ, ನೀರೊಳಗಿನ ಕೀಟಗಳದ್ದು. ಮೇಫ್ಲೈ ಎಂಬ ಕೀಟವರ್ಗವನ್ನೇ ತೆಗೆದುಕೊಳ್ಳೋಣ. ಅದರ ಮರಿ ಹೊಳೆಯ ತಳದ ಕಲ್ಲುಗಳಲ್ಲಿ ಬೆಳೆದು, ಕಾಲ ಕೂಡಿದಾಗ ಮೇಲಕ್ಕೇರುತ್ತದೆ. ಮೇಲ್ಮೈಯನ್ನು ಮುಟ್ಟಿದಾಗ ಚರ್ಮವನ್ನು ಸೀಳಿ ರೆಕ್ಕೆಯ ಕೀಟವಾಗಿ ಹೊರಬೀಳುತ್ತದೆ. ಮೇಲ್ಮೈ ಎಳೆತದಿಂದಾಗಿ ನೀರಿನ ಮೇಲ್ಪದರವು ಇಷ್ಟು ಚಿಕ್ಕ ಜೀವಿಗೆ ಬಿಗಿದ ಪೊರೆಯಂತಿರುತ್ತದೆ. ಅದನ್ನು ಭೇದಿಸಲು ಹೆಣಗುವ ಆ ಗಳಿಗೆಯಲ್ಲಿ ಕೀಟವು ಈಜಲಾರದು, ಹಾರಲಾರದು. ಮೀನಿಗೆ ಅದಕ್ಕಿಂತ ಸುಲಭವಾದ ತುತ್ತು ಬೇರೆಯಿಲ್ಲ. ಗಾಳಗಾರನು ಅನುಕರಿಸುವುದು ಕೀಟದ ರೂಪಕ್ಕಿಂತ ಹೆಚ್ಚಾಗಿ ಈ ಹೆಣಗಾಟವನ್ನು.

ಹೆಣಗಾಟವನ್ನು ತೋರಿಸಲು ಗರಿ ಮೃದುವಾಗಿರಬೇಕು. ಗರಿಯ ನಡುದಂಡದಿಂದ ಎಳೆಗಳೂ, ಎಳೆಗಳಿಂದ ಇನ್ನೂ ಸೂಕ್ಷ್ಮವಾದ ಮರಿಯೆಳೆಗಳೂ ಹೊರಡುತ್ತವೆ. ಹುಂಜದ ಕತ್ತಿನ ಗರಿಯ ಹೊಳೆಯುವ ಅಂಚಿನಲ್ಲಿ ಮರಿಯೆಳೆಗಳು ಇಲ್ಲವೆನ್ನುವಷ್ಟು ಕಡಮೆ. ಆದುದರಿಂದ ಅದು ಬಿರುಸು, ನೀರನ್ನು ಹೀರದು. ನೀರಿನ ಮೇಲೆ ತೇಲಬೇಕಾದ ಹುಸಿನೊಣಕ್ಕೆ ಅದೇ ತಕ್ಕುದು. ಗೌಜುಗದ ಬೆನ್ನಿನ ಗರಿಯಾದರೋ ನೀರು ಹೀರಿ ಮುಳುಗುತ್ತದೆ, ಪ್ರವಾಹದ ಒಂದೊಂದು ಸುಳಿಗೂ ಮುದುಡಿ ಅರಳುತ್ತದೆ. ಇದನ್ನು ಮನೆಯಲ್ಲಿಯೇ ನೋಡಬಹುದು. ಉದುರಿದ ಎರಡು ಗರಿಗಳನ್ನು, ಹುಂಜದ ಕತ್ತಿನದೊಂದು, ಹೇಂಟೆಯ ಎದೆಯದೊಂದು, ಬೇರೆ ಬೇರೆ ಗುಂಡುಸೂಜಿಗಳಿಗೆ ಸುತ್ತಿ ದಾರದಿಂದ ಕಟ್ಟಿ, ನೀರಿನ ಲೋಟದಲ್ಲಿ ಮೆಲ್ಲನೆ ಎಳೆದಾಡಿಸಿದರೆ ಸಾಕು.

‘ಗೌಜುಗ ಮತ್ತು ಕಿತ್ತಳೆ’ ಎಂಬ ಪ್ರಸಿದ್ಧ ನೊಣವನ್ನು ಕಟ್ಟುವ ಬಗೆ ಹೀಗೆ. ಗಾಳವನ್ನು ಚಿಮಟದಲ್ಲಿ ಬಿಗಿದು, ಮೇಣ ಸವರಿದ ಕಿತ್ತಳೆ ಬಣ್ಣದ ರೇಷ್ಮೆಯನ್ನು ಕಣ್ಣಿನ ಬಳಿಯಿಂದ ಹಿಂದಕ್ಕೆ, ಗಾಳದ ಮೊನೆಯ ನೇರದವರೆಗೆ ಮಾತ್ರ ಒತ್ತಾಗಿ ಸುತ್ತಿ, ಮತ್ತೆ ಮುಂದಕ್ಕೆ ತರುತ್ತಾರೆ. ಬೂದು ಗೌಜುಗದ ಕಂದು ಚುಕ್ಕೆಯ ಚಿಕ್ಕ ಗರಿಯೊಂದನ್ನು ಆರಿಸಿ, ಬುಡದ ತುಪ್ಪುಳನ್ನು ಕಿತ್ತು, ತುದಿಯ ಕಡೆಯಿಂದ ಕಟ್ಟಿ, ಎರಡೇ ಸುತ್ತು ಸುತ್ತಿ ಗಂಟು ಬಿಗಿಯುತ್ತಾರೆ. ಹೊಸಬರು ಎಡವುವುದು ಇಲ್ಲಿಯೇ. ಇನ್ನೊಂದು ಸುತ್ತು ಇರಲಿ ಎಂಬ ಆಸೆಗೆ ಬಿದ್ದರೆ ನೊಣವು ಪೊರಕೆಯಾಗುತ್ತದೆ.

ರೇಷ್ಮೆಯ ಬಣ್ಣದಲ್ಲಿಯೂ ಒಂದು ಭೌತಶಾಸ್ತ್ರವಿದೆ. ಒಣಗಿದ್ದಾಗ ಎಳೆಗಳ ನಡುವಣ ಗಾಳಿಯು ಬೆಳಕನ್ನು ಚದುರಿಸುತ್ತದೆ. ನೆನೆದಾಗ ಗಾಳಿಯ ಸ್ಥಳವನ್ನು ನೀರು ಆಕ್ರಮಿಸುತ್ತದೆ. ನೀರಿನ ವಕ್ರೀಭವನಾಂಕ 1.33, ಗಾಳಿಯದು ಸುಮಾರು 1. ರೇಷ್ಮೆಗೂ ಸುತ್ತಲಿನ ಮಾಧ್ಯಮಕ್ಕೂ ಇರುವ ಅಂತರ ಕುಗ್ಗುವುದರಿಂದ ಬೆಳಕು ಚದುರುವುದು ಕಡಮೆಯಾಗಿ, ಥಳಥಳಿಸುವ ಕಿತ್ತಳೆ ಬಣ್ಣವು ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಒದ್ದೆಯಾದ ಬಿಳಿಯ ಪಂಚೆ ಮೈಯನ್ನು ಕಾಣಿಸುವುದೂ ಇದೇ ಕಾರಣದಿಂದ.

ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟೂವರ್ಟ್ 1857ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಮೂರು ನೊಣಗಳನ್ನು ‘ಜೇಡ’ಗಳೆಂದು ಹೆಸರಿಸಿದನು. 1885ರಲ್ಲಿ ಟಿ. ಇ. ಪ್ರಿಟ್ ಯಾರ್ಕ್‌ಷೈರಿನ ನೊಣಗಳನ್ನು ಚಿತ್ರಸಹಿತ ಸಂಗ್ರಹಿಸಿದನು. ಸ್ಟೂವರ್ಟನ ಮೂರು ಜೇಡಗಳಿಗೆ ಬೇಕಾಗಿದ್ದ ಗರಿಗಳು ನಮ್ಮ ಗೊರವಂಕದ ಬಳಗದ ಸ್ಟಾರ್ಲಿಂಗ್, ಹುಲ್ಲುಗಾವಲಿನ ಕಾರ್ನ್‌ಕ್ರೇಕ್, ಬೆಟ್ಟದ ಡಾಟರೆಲ್ ಎಂಬ ಹಕ್ಕಿಗಳವು. ಡಾಟರೆಲ್ ಆಗಲೇ ವಿರಳ. ಅದಕ್ಕೆ ಬದಲಾಗಿ ಸ್ಟಾರ್ಲಿಂಗಿನ ರೆಕ್ಕೆಯ ಒಳಗರಿ ಸಾಕೆಂದು ಅವನೇ ಬರೆದಿದ್ದಾನೆ. ಯಂತ್ರದಿಂದ ಹುಲ್ಲು ಕೊಯ್ಯತೊಡಗಿದ ಮೇಲೆ, ನೆಲದಲ್ಲಿ ಗೂಡು ಕಟ್ಟುವ ಕಾರ್ನ್‌ಕ್ರೇಕ್ ಬ್ರಿಟನ್ನಿನ ಬಹುಭಾಗದಿಂದ ಮರೆಯಾಯಿತು. ಈ ಎರಡು ಹಕ್ಕಿಗಳಿಗೂ ಅಲ್ಲಿ ಈಗ ಕಾನೂನಿನ ರಕ್ಷಣೆಯಿದೆ. ಸಾಲ್ಮನ್ ಮೀನಿನ ನೊಣಗಳಿಗಾಗಿ ನಮ್ಮ ಪಶ್ಚಿಮಘಟ್ಟಗಳ ಬೂದು ಕಾಡುಕೋಳಿಯ ಕತ್ತಿನ ಗರಿಯೂ ಒಂದು ಕಾಲದಲ್ಲಿ ಹಡಗೇರಿ ಹೋಗುತ್ತಿತ್ತು. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯ ಇಂದು ಅದಕ್ಕುಂಟು. ಕುಶಲ ಕೈಗಳು ಈಗ ಬಣ್ಣ ಹಾಕಿದ ಹೇಂಟೆಯ ಗರಿಯಿಂದಲೇ ಬಹಳಷ್ಟು ಹಳೆಯ ನೊಣಗಳನ್ನು ಕಟ್ಟುತ್ತವೆ; ಮೀನುಗಳು ದೂರಿದ್ದನ್ನು ನಾವು ಕೇಳಿಲ್ಲ.

ಆದರೆ ಬೂದು ಗೌಜುಗದ ಕಥೆ ಹೆಚ್ಚು ಮನಕಲಕುವಂತಹುದು. 1960ರ ದಶಕದ ಕೊನೆಯಿಂದೀಚೆಗೆ ಬ್ರಿಟನ್ನಿನಲ್ಲಿ ಅದರ ಸಂಖ್ಯೆ ಹತ್ತರಲ್ಲಿ ಒಂಬತ್ತು ಪಾಲಿಗಿಂತಲೂ ಹೆಚ್ಚು ಕುಸಿದಿದೆ. ಬೇಟೆಯೇ ಇದಕ್ಕೆ ಮುಖ್ಯ ಕಾರಣವೆಂದು ನೀವು ಊಹಿಸಿದ್ದರೆ ಅದು ಸರಿಯಲ್ಲ. ಸಸೆಕ್ಸ್ ಪ್ರಾಂತದ ಹೊಲಗಳಲ್ಲಿ 1968ರಲ್ಲಿ ಆರಂಭವಾದ ಸುದೀರ್ಘ ಅಧ್ಯಯನದಲ್ಲಿ ಡಿಕ್ ಪಾಟ್ಸ್ ಮತ್ತು ಸಂಗಡಿಗರು ಕಂಡುದು ಬೇರೆಯೇ. ಕಳೆನಾಶಕಗಳು ಧಾನ್ಯದ ಹೊಲಗಳ ಕಳೆಗಳನ್ನು ಕೊಂದವು. ಕಳೆಗಳನ್ನು ಆಶ್ರಯಿಸಿದ್ದ ಕೀಟಗಳು ಇಲ್ಲವಾದವು. ಮೊದಲ ವಾರಗಳಲ್ಲಿ ಕೀಟಗಳನ್ನೇ ತಿಂದು ಬೆಳೆಯಬೇಕಾದ ಗೌಜುಗದ ಮರಿಗಳು ಹಸಿದು ಸತ್ತವು. ಮುಂದೆ 1980ರ ದಶಕದಲ್ಲಿ ಹೊಲದ ಅಂಚಿನ ಕೆಲವು ಗಜಗಳಷ್ಟು ಪಟ್ಟಿಗೆ ಈ ಔಷಧಗಳ ಸಿಂಪಡಣೆಯನ್ನು ಮಿತಗೊಳಿಸಿ ನೋಡಿದಾಗ, ಆ ಅಂಚುಗಳಲ್ಲಿ ಕಳೆಗಳೂ ಕೀಟಗಳೂ ಮರಳಿದವು. ಬದುಕುಳಿದ ಮರಿಗಳ ಸಂಖ್ಯೆಯೂ ಏರಿತು.