ಪರಿಸರ ನಿರ್ವಹಣೆಯ ವ್ಯಾಸಂಗ ಮತ್ತು ಸಣ್ಣ ಕೈಗಾರಿಕೆ

ತಮಿಳುನಾಡಿನ ಪಾಲಾರ್ ನದೀತೀರದ ಚರ್ಮ ಹದಮಾಡುವ ಘಟಕಗಳ ಕುರಿತು ಸರ್ವೋಚ್ಚ ನ್ಯಾಯಾಲಯವು 1996ರ ಆಗಸ್ಟ್ 28ರಂದು ನೀಡಿದ ತೀರ್ಪು ಪರಿಸರ ನೀತಿಯನ್ನು ಅಭ್ಯಸಿಸುವ ವಿದ್ಯಾರ್ಥಿಗಳಿಗೆ ಮೊದಲ ಪಾಠಗಳಲ್ಲೊಂದಾಗಿದೆ. ಚರ್ಮೋದ್ಯಮವು ವಿದೇಶಿ ವಿನಿಮಯವನ್ನೂ ಉದ್ಯೋಗವನ್ನೂ ಒದಗಿಸುತ್ತದೆ ಎಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಅದರ ಹೆಸರಿನಲ್ಲಿ ನದಿಯನ್ನೂ ಕೃಷಿಭೂಮಿಯನ್ನೂ ಕೆಡಿಸುವ ಹಕ್ಕು ಯಾರಿಗೂ ಇಲ್ಲವೆಂದಿತು. ಪ್ರತಿ ಘಟಕಕ್ಕೆ ವಿಧಿಸಿದ ದಂಡ 10,000 ರೂಪಾಯಿ. ಮೊತ್ತ ದೊಡ್ಡದಲ್ಲ. ದೊಡ್ಡದಾದುದು ತೀರ್ಪು ನೆಲೆಗೊಳಿಸಿದ ತತ್ವಗಳು: ಸುಸ್ಥಿರ ಅಭಿವೃದ್ಧಿ, ಮುನ್ನೆಚ್ಚರಿಕೆ ಮತ್ತು ಮಲಿನಗೊಳಿಸಿದವರೇ ಅದರ ವೆಚ್ಚ ತೆರಬೇಕೆಂಬ ನಿಯಮ. ಇವುಗಳೊಂದಿಗೆ, ತನ್ನ ಚಟುವಟಿಕೆಯಿಂದ ಪರಿಸರಕ್ಕೆ ಹಾನಿಯಿಲ್ಲವೆಂದು ಸಾಬೀತುಪಡಿಸುವ ಹೊಣೆಯೂ ಉದ್ಯಮಿಯ ಮೇಲೆಯೇ ಬಿದ್ದಿತು.

ಈ ಹೊಣೆಯನ್ನು ನಿರ್ವಹಿಸಬೇಕಾದರೆ ಕಾರ್ಖಾನೆಯಲ್ಲಿ ಲೆಕ್ಕ ಇರಬೇಕು. ಆ ಲೆಕ್ಕವನ್ನು ಅರ್ಥ ಮಾಡಿಕೊಳ್ಳಬಲ್ಲ ಒಬ್ಬರಾದರೂ ಇರಬೇಕು. ಪರಿಸರ ನಿರ್ವಹಣೆಯ ವ್ಯಾಸಂಗವು ಸಣ್ಣ ಉದ್ಯಮಕ್ಕೆ ಸಂಬಂಧಿಸುವುದು ಇಲ್ಲಿಯೇ. ಪದವಿ ತರಗತಿಗಳಲ್ಲಿ ಕಡ್ಡಾಯವಾಗಿ ಓದಿಸುವ ಪರಿಸರ ಅಧ್ಯಯನದ ಪತ್ರಿಕೆಯನ್ನು ಉದ್ಯಮಿಗಳ ಮಕ್ಕಳೂ ಬರೆದು ಉತ್ತೀರ್ಣರಾಗುತ್ತಾರೆ, ಪರೀಕ್ಷೆಯ ಮರುದಿನವೇ ಮರೆಯುತ್ತಾರೆ. ಇಲ್ಲಿ ಹೇಳುತ್ತಿರುವ ವ್ಯಾಸಂಗ ಅದಕ್ಕಿಂತ ಭಿನ್ನವಾದುದು.

ಲೋಹಲೇಪನ ಘಟಕವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಲೇಪನದ ತೊಟ್ಟಿಯಿಂದ ಮೇಲೆತ್ತಿದ ಬಿಡಿಭಾಗಕ್ಕೆ ಸ್ವಲ್ಪ ದ್ರಾವಣ ಅಂಟಿಕೊಂಡೇ ಬರುತ್ತದೆ. ಅದನ್ನು ತೊಳೆದು ಸಾವಿರದಲ್ಲಿ ಒಂದು ಪಾಲಿಗೆ ಇಳಿಸಬೇಕೆಂದಿಟ್ಟುಕೊಳ್ಳೋಣ. ಒಂದೇ ತೊಟ್ಟಿಯಲ್ಲಿ ಹರಿಯುವ ನೀರಿನಿಂದ ತೊಳೆದರೆ, ಅಂಟಿ ಬಂದ ಪ್ರತಿ ಲೀಟರ್ ದ್ರಾವಣಕ್ಕೆ ಸುಮಾರು 1,000 ಲೀಟರ್ ನೀರು ಬೇಕು. ಎರಡು ತೊಟ್ಟಿಗಳನ್ನಿಟ್ಟು, ಬಿಡಿಭಾಗ ಒಂದು ದಿಕ್ಕಿನಲ್ಲಿಯೂ ನೀರು ಎದುರು ದಿಕ್ಕಿನಲ್ಲಿಯೂ ಸಾಗುವಂತೆ ಮಾಡಿದರೆ ಸುಮಾರು 32 ಲೀಟರ್ ಸಾಕು. ಮೂರು ತೊಟ್ಟಿಗಳಾದರೆ ಸುಮಾರು 10 ಲೀಟರ್. ಇದರಲ್ಲಿ ಹೊಸ ಯಂತ್ರವೇನೂ ಇಲ್ಲ. ಒಂದೆರಡು ತೊಟ್ಟಿ, ಒಂದಿಷ್ಟು ಪೈಪು ಮತ್ತು ತುಸು ಗಣಿತ. ಟ್ಯಾಂಕರ್ ನೀರಿಗೆ ಹಣ ತೆರುವವರಿಗೆ ಉಳಿತಾಯ ಎರಡು ಕಡೆ: ಕೊಳ್ಳುವ ನೀರು ಕಡಿಮೆಯಾಗುತ್ತದೆ, ಸಂಸ್ಕರಿಸಬೇಕಾದ ತ್ಯಾಜ್ಯಜಲವೂ ಅಷ್ಟೇ ಕಡಿಮೆಯಾಗುತ್ತದೆ. ಒಳಬಂದುದೆಷ್ಟು, ಉತ್ಪನ್ನದಲ್ಲಿ ಹೋದುದೆಷ್ಟು, ಚರಂಡಿಗೆ ಸೇರಿದುದೆಷ್ಟು ಎಂದು ತಾಳೆ ನೋಡುವ ಈ ಕ್ರಮವು ವರ್ತಕರ ರೋಕಡಿ ಪುಸ್ತಕಕ್ಕಿಂತ ಬೇರೆಯಲ್ಲ.

ಈ ತಾಳೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ತಿರುಪ್ಪೂರು ನಿದರ್ಶನ. ಅಲ್ಲಿನ ಬಣ್ಣ ಹಾಕುವ ಘಟಕಗಳು ಸಂಸ್ಕರಣೆಯನ್ನೇ ಮಾಡುತ್ತಿರಲಿಲ್ಲವೆಂದಲ್ಲ. ಸಾಮೂಹಿಕ ತ್ಯಾಜ್ಯಜಲ ಸಂಸ್ಕರಣಾ ಘಟಕಗಳು ಇದ್ದವು. ಆದರೆ ಹತ್ತಿ ಬಟ್ಟೆಗೆ ಬಣ್ಣ ಹಿಡಿಸಲು ಹೇರಳವಾಗಿ ಉಪ್ಪು ಬೇಕು. ಸಾಮಾನ್ಯ ಸಂಸ್ಕರಣೆಯಿಂದ ಬಣ್ಣ ಹೋಗಬಹುದು, ಕರಗಿದ ಉಪ್ಪು ಹೋಗುವುದಿಲ್ಲ. ಅದು ನೊಯ್ಯಲ್ ನದಿಯನ್ನು ಸೇರಿ ಕೆಳಗಿನ ರೈತರ ಹೊಲಗಳನ್ನು ಕೆಡಿಸಿತು. ಶೂನ್ಯ ವಿಸರ್ಜನೆಯ ಆದೇಶ ಪಾಲನೆಯಾಗದಿದ್ದುದರಿಂದ 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಆ ಘಟಕಗಳನ್ನು ಮುಚ್ಚಲು ಆದೇಶಿಸಿತು. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವಾಗದು ಎಂಬ ಪ್ರಾಥಮಿಕ ಪಾಠಕ್ಕೆ ಒಂದು ಊರಿನ ಉದ್ಯಮ ತೆತ್ತ ಬೆಲೆ ಸಣ್ಣದಲ್ಲ.

ವ್ಯಾಸಂಗದ ಇನ್ನೊಂದು ಭಾಗ ಕಾನೂನು. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಇವು ಬುನಾದಿ. ಮೂರನೆಯದರಲ್ಲಿ 2024ರ ಏಪ್ರಿಲ್ 1ರಿಂದ ಅನೇಕ ಉಲ್ಲಂಘನೆಗಳಿಗೆ ಸೆರೆವಾಸದ ಬದಲು 10,000 ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ಇದನ್ನು ರಿಯಾಯಿತಿಯೆಂದು ಭಾವಿಸಿ ನೆಮ್ಮದಿಯಿಂದಿರುವುದು ಸಣ್ಣ ಘಟಕಕ್ಕೆ ತರವಲ್ಲ. 15 ಲಕ್ಷವೆಂದರೆ ಅನೇಕರಿಗೆ ಇಡೀ ವರ್ಷದ ಲಾಭ.

ರಫ್ತುದಾರರಿಗೆ ಒತ್ತಡವು ಕಾನೂನಿಗಿಂತ ಗ್ರಾಹಕರಿಂದಲೇ ಬರುತ್ತಿದೆ. ಯೂರೋಪ್ ಒಕ್ಕೂಟದ ಗಡಿ ಇಂಗಾಲ ಹೊಂದಾಣಿಕೆ ವ್ಯವಸ್ಥೆಯು 2026ರ ಜನವರಿ 1ರಿಂದ ಪೂರ್ಣ ರೂಪದಲ್ಲಿ ಜಾರಿಗೆ ಬಂದಿದೆ. ಉಕ್ಕಿನ ಸ್ಕ್ರೂ, ಬೋಲ್ಟ್, ನಟ್‌ಗಳೂ ಅದರ ವ್ಯಾಪ್ತಿಯಲ್ಲಿವೆ. ಶುಲ್ಕದ ಹೊಣೆ ಅಲ್ಲಿನ ಆಮದುದಾರರದು. ಆದರೆ ಇಂಗಾಲದ ಅಂಕಿಅಂಶವನ್ನು ಅವರು ಕೇಳುವುದು ಇಲ್ಲಿನ ತಯಾರಕರನ್ನು. ವರ್ಷಕ್ಕೆ 50 ಟನ್ ಮೀರದ ಆಮದುದಾರರಿಗೆ ವಿನಾಯಿತಿ ಇದೆ.

ಕಲಿಯುವುದೆಲ್ಲಿ? ಮೈಸೂರು, ಕುವೆಂಪು ಮುಂತಾದ ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಸ್ನಾತಕೋತ್ತರ ವಿಭಾಗಗಳಿವೆ. ಕೆಲಸ ಬಿಡದೆ ಓದಬಯಸುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಪರಿಸರ ಮತ್ತು ಸುಸ್ಥಿರ ಅಭಿವೃದ್ಧಿಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ರೂಪಿಸಿದೆ. ರಾಜ್ಯ ಸರ್ಕಾರವು 2002ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಯ ಕಾರ್ಯವ್ಯಾಪ್ತಿಯಲ್ಲಿ ತರಬೇತಿಯೂ ಸೇರಿದೆ. ತರಬೇತಿಗೆ ಕಚೇರಿಯ ಗುಮಾಸ್ತರನ್ನು ಕಳುಹಿಸಿ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕುವ ರೂಢಿ ಕೆಲವೆಡೆ ಇದೆ. ಕಳುಹಿಸಬೇಕಾದುದು ದಿನವೂ ತೊಟ್ಟಿಯ ಬಳಿ ನಿಂತು ನೀರಿನ ಕವಾಟ ತಿರುಗಿಸುವ ಮೇಲ್ವಿಚಾರಕರನ್ನು. ಅವರು ಹಿಂದಿರುಗುವ ಹೊತ್ತಿಗೆ ಒಳಬರುವ ಮತ್ತು ಹೊರಹೋಗುವ ಎರಡೂ ಕೊಳವೆಗಳಿಗೆ ಮಾಪಕ ಹಾಕಿಸಿಟ್ಟಿರಬೇಕು.