ತಲಕಾಡಿನ ಮರಳುದಿಬ್ಬಗಳು

ತಲಕಾಡಿನ ಮರಳುದಿಬ್ಬಗಳು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿ ನದಿಯ ಎಡದಂಡೆಯ ಮೇಲೆ ಹರಡಿವೆ. ಮರುಭೂಮಿಗೆ ಹೋಗದೆ ದೊಡ್ಡ ಮರಳುದಿಬ್ಬ ಏರಲು ಬಯಸುವ ಕರ್ನಾಟಕದ ಪ್ರವಾಸಿಗರಿಗೆ ಇದೇ ಪ್ರಸಿದ್ಧ ತಾಣ. ಸುತ್ತಮುತ್ತ ಭತ್ತದ ಗದ್ದೆಗಳಿರುವ ಈ ಊರಿನಲ್ಲಿ ದಿಬ್ಬಗಳಿರುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಿದರೂ, ದಿಬ್ಬ ಬೆಳೆಯಲು ಮುಖ್ಯವಾಗಿ ಬೇಕಾದುವು ಒಣ ಮರಳು ಮತ್ತು ಒಂದೇ ದಿಕ್ಕಿನಿಂದ ಬೀಸುವ ಗಾಳಿ.

ಉಗಮ

ಇಲ್ಲಿ ನದಿ ತೀವ್ರವಾಗಿ ಬಾಗುವುದರಿಂದ ಒಳದಂಡೆಯಲ್ಲಿ ಮರಳು ಶೇಖರವಾಗುತ್ತದೆ. ನೈಋತ್ಯ ಮಾರುತ ಅದನ್ನು ಊರಿನ ಕಡೆಗೆ ತಳ್ಳುತ್ತಿತ್ತು. ದಿಬ್ಬಗಳು ವರ್ಷಕ್ಕೆ 9-10 ಅಡಿ, ಎಂದರೆ ಸುಮಾರು 3 ಮೀಟರು, ಮುಂದುವರಿಯುತ್ತಿದ್ದವೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸಿದೆ. ಹೆಬ್ಬಾಳ ಮತ್ತು ಯಲಹಂಕದ ನಡುವಿನ ಜಿ.ಕೆ.ವಿ.ಕೆ. ಆವರಣದ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ವಿಜ್ಞಾನಿ ಕೆ.ಎನ್. ಗಣೇಶಯ್ಯ ಅವರು, ಮೇಲ್ಭಾಗದಲ್ಲಿ 14ನೆಯ ಶತಮಾನದಲ್ಲಿ ಮಾಧವಮಂತ್ರಿ ಕಟ್ಟಿಸಿದ ಅಣೆಕಟ್ಟೆಗೂ ಈ ಮರಳಿಗೂ ಸಂಬಂಧ ಕಲ್ಪಿಸಿದ್ದಾರೆ. ಜನಜನಿತವಾದ ಕಾರಣವಾದರೋ ಬೇರೆ: ರಾಜ ಒಡೆಯರ ಸೈನಿಕರಿಂದ ತಪ್ಪಿಸಿಕೊಂಡು ನದಿಗೆ ಹಾರಿದ ಅಲಮೇಲಮ್ಮನ ಶಾಪ.

ಪಶ್ಚಿಮ ಗಂಗರ ರಾಜಧಾನಿಯಾಗಿದ್ದ ಈ ಊರನ್ನು ಚೋಳರಿಂದ ಗೆದ್ದ ಹೊಯ್ಸಳ ವಿಷ್ಣುವರ್ಧನ ‘ತಲಕಾಡುಗೊಂಡ’ ಎನಿಸಿಕೊಂಡನು. ಅವನು ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವೂ ಪಾತಾಳೇಶ್ವರ, ಮರುಳೇಶ್ವರ ದೇವಾಲಯಗಳೂ ಇಂದು ಮರಳು ತೆಗೆದ ತಗ್ಗುಗಳಲ್ಲಿ ಕಾಣುತ್ತವೆ.

ಭೇಟಿ ಮತ್ತು ಆರೋಹಣ

ಬೆಂಗಳೂರಿನಿಂದ ಸುಮಾರು 130 ಕಿ.ಮೀ. ದೂರ, ಯಲಹಂಕ, ಆರ್.ಟಿ. ನಗರಗಳ ಕಡೆಯವರು ನಗರವನ್ನು ದಾಟಿ ಕನಕಪುರ-ಮಳವಳ್ಳಿ ಮಾರ್ಗ ಹಿಡಿಯಬಹುದು. ನವೆಂಬರಿನಿಂದ ಫೆಬ್ರವರಿಯವರೆಗಿನ ಬೆಳಗಿನ ಹೊತ್ತು ಉತ್ತಮ. ಮಧ್ಯಾಹ್ನದ ಮರಳು ಬರಿಗಾಲನ್ನು ಸುಡುತ್ತದೆ. ದೇವಾಲಯಗಳೆಂದು ಪಾದರಕ್ಷೆಯನ್ನು ವಾಹನದಲ್ಲೇ ಬಿಟ್ಟು ಬಂದವರಿಗೆ ಇದರ ಅರಿವು ತಡವಾಗಿ ಆಗುತ್ತದೆ.

ಗಾಳಿಗೆ ಎದುರಾದ ಇಳಿಜಾರು ಸೌಮ್ಯವೂ ಗಟ್ಟಿಯೂ ಆಗಿರುತ್ತದೆ; ಮರೆಯ ಬದಿ ಕಡಿದು, ಸಡಿಲ. ಒಣ ಮರಳು ಸುಮಾರು 34 ಡಿಗ್ರಿಗಿಂತ ಹೆಚ್ಚು ಕಡಿದಾಗಿ ನಿಲ್ಲದೆ ಜಾರುವುದರಿಂದ ಆ ಬದಿಯಲ್ಲಿ ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಕೆಳಗೆ ಬರುತ್ತದೆ. ಸಣ್ಣ ಹೆಜ್ಜೆಯಿಟ್ಟು ಓರೆಯಾಗಿ ಏರುವುದು ಸುಲಭ. ಆದರೆ ಇಲ್ಲಿನ ಬಹುಭಾಗ ಈಗ ಬೋಳು ಮರಳಲ್ಲ. ಮರಳನ್ನು ತಡೆಯಲೆಂದು ನೆಟ್ಟ ಗಾಳಿಮರ, ನೀಲಗಿರಿಗಳ ಬೇರುಗಳೇ ದಿಬ್ಬವನ್ನು ಹಿಡಿದಿವೆ. ಅಂಚುಗಳನ್ನು ತುಳಿದು ಜಾರಿಸಿದರೆ ಬೇರು ಬಯಲಾಗಿ, ಮರಳು ದೇವಾಲಯದ ತಗ್ಗಿಗೆ ಇಳಿಯುತ್ತದೆ. ಆದುದರಿಂದ ನಡೆದಾಡುವ ದಾರಿಯಲ್ಲೇ ಏರುವುದು ಸರಿ.

ದಿಬ್ಬಕ್ಕಿಂತ ಹೆಚ್ಚು ಅಪಾಯಕಾರಿಯಾದುದು ಪಕ್ಕದ ನದಿ. ಮೊಣಕಾಲುದ್ದ ಕಾಣುವ ನೀರಿನ ಮುಂದೆಯೇ ಆಳವಾದ ಗುಂಡಿಗಳೂ ಸುಳಿಗಳೂ ಇವೆ. ಈಜು ಬಲ್ಲ ಪ್ರವಾಸಿಗರೂ ಇಲ್ಲಿ ಮುಳುಗಿ ಸತ್ತಿದ್ದಾರೆ.