ಸೈಲೆನ್ಸರ್ ಬದಲಿಸುವ ಮುನ್ನ

ಮಂಡ್ಯ, ಮದ್ದೂರು, ಮಳವಳ್ಳಿಗಳ ಬೀದಿಯಲ್ಲಿ ಹಳೆಯ ಜಾವಾ ಹಾದುಹೋದರೆ ಸದ್ದಿನಿಂದಲೇ ಗುರುತಿಸಬಹುದು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸತೊಡಗಿದ ಈ ಮೋಟಾರು ಸೈಕಲ್ಲಿನ ಸೈಲೆನ್ಸರ್ ಕೇವಲ ಸದ್ದಡಗಿಸುವ ಸಾಧನವೆ? ಅಲ್ಲ, ಅದು ಎಂಜಿನ್ನಿನ ಉಸಿರಾಟದ ಅಂಗ.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಯ ದ್ವಾರ ತೆರೆದಿರುವಾಗಲೇ ಹೊಸ ಮಿಶ್ರಣವೂ ಒಳಬರುತ್ತದೆ. ಕೊಳವೆಯಲ್ಲಿ ಪ್ರತಿಫಲಿಸಿ ಮರಳುವ ಒತ್ತಡದ ಅಲೆ, ಹೊರನುಸುಳುವ ಮಿಶ್ರಣವನ್ನು ಹಿಂದಕ್ಕೆ ತಳ್ಳುತ್ತದೆ. ಕೊಳವೆಯ ಉದ್ದವೋ ಆಕಾರವೋ ಬದಲಾದರೆ ಅಲೆ ಹೊತ್ತು ತಪ್ಪಿ ಬರುತ್ತದೆ.

ಒಂದು ಭಾಗ ಪೆಟ್ರೋಲು ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಹೊಗೆ ಸರಾಗವಾಗಿ ಹೊರಟು ಗಾಳಿಯ ಪಾಲು ಮಿತಿಮೀರಿದರೆ ಎಂಜಿನ್ನು ಅತಿಯಾಗಿ ಕಾದು ಪಿಸ್ಟನ್ನಿಗೇ ಅಪಾಯ. ಸ್ಪಾರ್ಕ್ ಪ್ಲಗ್ಗಿನ ತುದಿ ಬಿಳಿಚಿದ್ದರೆ ಅದೇ ಎಚ್ಚರಿಕೆ. ಕಾರ್ಬ್ಯುರೇಟರಿನ ಜೆಟ್ಟನ್ನು ಸರಿಹೊಂದಿಸಲೇಬೇಕು.

ಇಂದಿನ ವಾಹನಗಳಲ್ಲಿ ಆಮ್ಲಜನಕ ಸಂವೇದಕವು ಅಲ್ಪ ವ್ಯತ್ಯಾಸವನ್ನು ತಾನೇ ತಿದ್ದಿಕೊಳ್ಳುತ್ತದೆ, ದೊಡ್ಡದನ್ನಲ್ಲ. ಸದ್ದು ಹೆಚ್ಚಿದ ಮಾತ್ರಕ್ಕೆ ಶಕ್ತಿ ಹೆಚ್ಚಿತೆಂದು ಭಾವಿಸಲಾಗದು.